ಹುಲ್ಲಿಗೆ ಇಟ್ಟ ಕಿಚ್ಚು



ಕಡಬ ತಾಲ್ಲೂಕಿನ ನೆಟ್ಟಣವನ್ನು ತಮ್ಮಲ್ಲಿ ಅನೇಕರು ಕಂಡಿರಬಹುದು. ಹಾಸನದ ಕಡೆಯಿಂದ ಹೊರಟ ರೈಲು ಸಕಲೇಶಪುರವನ್ನು ದಾಟಿ, 57 ಸುರಂಗಗಳನ್ನು ಹೊಕ್ಕು ಹೊರಬಂದು, ಘಟ್ಟವಿಳಿದು ನಿಲ್ಲುವ ಸುಬ್ರಹ್ಮಣ್ಯ ರೋಡ್ ನಿಲ್ದಾಣವಿರುವುದು ಈ ಊರಿನಲ್ಲಿಯೇ. ಕುಕ್ಕೆಗೆ ಹೋಗುವ ಯಾತ್ರಿಕರು ಅಲ್ಲಿ ಇಳಿದು, ಬಸ್ಸು ಹಿಡಿದು ಮುಂದೆ ಸಾಗುತ್ತಾರೆ. ತಲೆಯೆತ್ತಿ ಮೇಲೆ ನೋಡುವವರು ಕಡಿಮೆ. ಶಿವರಾತ್ರಿ ಸಮೀಪಿಸುವ ಕಾಲದಲ್ಲಿ ಘಟ್ಟದ ನೆತ್ತಿಯ ಹುಲ್ಲುಬೆಟ್ಟಗಳಲ್ಲಿ ಕಿಚ್ಚು ಹತ್ತುವುದುಂಟು. ಇರುಳಿನಲ್ಲಿ ದೂರದಿಂದ ಅದು ಸಾಲುದೀಪದಂತೆ ಸೊಗಸಾಗಿಯೇ ಕಾಣುತ್ತದೆ. ಹತ್ತಿರ ಹೋದವರು ಆ ಮಾತನ್ನು ಆಡಲಾರರು.

ಕಾಡಿಗೆ ಬೆಂಕಿ ಬೀಳಲು ಕಾರಣಗಳು ಹಲವು. ಬೇಟೆಗಾರನ ಕುಟಿಲ, ಜೇನು ಕೀಳುವವನ ದೊಂದಿ, ಚಾರಣಕ್ಕೆ ಬಂದವನ ಅಲಕ್ಷ್ಯ. ಸೇದಿದ ಬೀಡಿಯನ್ನು ಒಣಹುಲ್ಲಿನ ಮೇಲೆ ಎಸೆದವನ ವಿಷಯದಲ್ಲಿ ವಿಚಾರಿಸತಕ್ಕದ್ದು ಏನೂ ಇಲ್ಲ; ಅದು ತಪ್ಪೆಂಬುದನ್ನು ಮಗುವೂ ಬಲ್ಲುದು. ಆದರೆ ದನಗಾಹಿಯು ಹಚ್ಚುವ ಬೆಂಕಿಯ ಸಂಗತಿ ಬೇರೆ. ಅವನಲ್ಲಿ ದ್ವೇಷವಿಲ್ಲ, ಲೋಭವೂ ಹೆಚ್ಚಿಲ್ಲ. ಬೇಸಗೆಯಲ್ಲಿ ಒರಟಾಗಿ ನಿಂತ ಹಳೆಯ ಹುಲ್ಲನ್ನು ದನ ಮೂಸಿಯೂ ನೋಡದು. ಅದನ್ನು ಸುಟ್ಟರೆ, ಮೊದಲ ಹನಿ ಬಿದ್ದೊಡನೆ, ಕೆಲವೊಮ್ಮೆ ಇಬ್ಬನಿಯ ತೇವಕ್ಕೇ, ಎಳೆಯ ಚಿಗುರು ಏಳುತ್ತದೆ, ಉಣ್ಣೆಗಳೂ ಸಾಯುತ್ತವೆ. ಹಸಿದ ಗೋವಿಗೆ ಮೇವು ದೊರಕಿಸುವುದೇ ಅವನ ಉದ್ದೇಶ. ಸದುದ್ದೇಶದಿಂದ ಹಚ್ಚಿದ ಈ ಬೆಂಕಿಯನ್ನು ನಾವು ಕಾಯಕವೆನ್ನಬಹುದೆ?

ಈ ಪ್ರಶ್ನೆಯನ್ನು ಕೇಳುವ ಮೊದಲು ಆ ನಾಡಿನ ಗೋಸಂಪತ್ತನ್ನು ಅರಿಯಬೇಕು. ದಕ್ಷಿಣ ಕನ್ನಡದ ಒಕ್ಕಲಿಗೆ ತನ್ನ ವರ್ಗದ ಜಮೀನಿನ ಸುತ್ತ ನೂರು ಗಜದಷ್ಟು ಕುಮ್ಕಿ ಭೂಮಿಯಲ್ಲಿ ಸೊಪ್ಪು, ಹುಲ್ಲು, ಸೌದೆಗಳ ಸವಲತ್ತಿತ್ತು. ಹಟ್ಟಿಗೆ ಹಾಸುವ ಸೊಪ್ಪು, ಮಾಡಿಗೆ ಹೊದಿಸುವ ಮುಳಿಹುಲ್ಲು ಎಲ್ಲವೂ ಗುಡ್ಡದಿಂದಲೇ ಬರಬೇಕು. ಮಲೆನಾಡು ಗಿಡ್ಡ ತಳಿಯ ಸಣ್ಣ ದನಗಳು ಬೆಳಿಗ್ಗೆ ಕಾಡಿಗೆ ಹೋಗಿ ಸಂಜೆ ತಾವಾಗಿಯೇ ಮರಳುತ್ತಿದ್ದವು. ಸುಬ್ರಹ್ಮಣ್ಯದ ಬಳಿಯ ಕುಲ್ಕುಂದದಲ್ಲಿ ಹಿಂದೆ ಹೆಸರುವಾಸಿಯಾದ ಜಾನುವಾರು ಜಾತ್ರೆ ನೆರೆಯುತ್ತಿತ್ತು. ಘಟ್ಟದ ಮೇಲಿನಿಂದ ಎತ್ತುಗಳನ್ನು ನಡೆಸಿಕೊಂಡೇ ತರುತ್ತಿದ್ದರು. ಅಲ್ಲಿ ಬಸವೇಶ್ವರನ ಗುಡಿಯೊಂದಿದ್ದು, ಆ ಸ್ಥಳಕ್ಕೆ ಬಸವನಮೂಲೆಯೆಂದೇ ಹೆಸರು. ಹೀಗೆ ಹುಲ್ಲು, ದನ, ಬೆಟ್ಟ ಎಂಬ ಮೂರೂ ಒಂದನ್ನೊಂದು ಬಿಟ್ಟು ಇರಲಾರದ ನಾಡು ಅದು. ಬೆಂಕಿ ಹಚ್ಚಿದವನನ್ನು ಕಾಡಿನ ವೈರಿಯೆಂದು ಪೇಟೆಯಲ್ಲಿ ಕುಳಿತು ಬಯ್ಯುವುದು ಸುಲಭ. ಬಯ್ಯುವವರ ಕಾಫಿಗೆ ಮಾತ್ರ ಹಾಲು ಬೇಕು!

ದನ ಕಾಯುವ ವೃತ್ತಿಯನ್ನು ನಮ್ಮ ಪರಂಪರೆಯು ಕೀಳೆಂದು ಎಣಿಸಲಿಲ್ಲ. ತುರುಗಾಹಿ ರಾಮಣ್ಣನೆಂಬ ಶರಣನಿಗೆ ಗೋವುಗಳನ್ನು ಕಾಯುವುದೇ ಕಾಯಕ. ಗೋಪತಿನಾಥ ವಿಶ್ವೇಶ್ವರಲಿಂಗವೆಂಬುದು ಆತನ ಅಂಕಿತ. ‘ಕಾಯುವುದು’ ಎಂಬ ನಮ್ಮ ಮಾತನ್ನೇ ಗಮನಿಸಿರಿ. ಮೇಯಿಸುವುದು ಬೇರೆ, ಕಾಯುವುದು ಬೇರೆ. ಮೇಯಿಸುವವನ ಹೊಣೆ ದನದ ಹೊಟ್ಟೆ ತುಂಬುವಲ್ಲಿಗೆ ಮುಗಿಯುತ್ತದೆ. ಕಾಯುವವನು ಕಣ್ಣಿಟ್ಟು ನಿಲ್ಲಬೇಕು. ಬೆಂಕಿ ಹಚ್ಚಿದ ದನಗಾಹಿಯ ದೋಷವಿರುವುದು ಹಚ್ಚಿದುದರಲ್ಲಿ ಅಷ್ಟಾಗಿ ಅಲ್ಲ, ಹಚ್ಚಿ ಮನೆಗೆ ಹೋದುದರಲ್ಲಿ ಎಂಬುದು ನನ್ನ ಅಭಿಪ್ರಾಯ. ಕಡ್ಡಿ ಗೀರಿದ ಕ್ಷಣದಲ್ಲಿ ಅವನ ಉದ್ದೇಶ ಶುದ್ಧವಾಗಿರಬಹುದು. ಆದರೆ ಉದ್ದೇಶವು ಅವನೊಂದಿಗೆ ಮನೆಗೆ ಹೋಗಿ ಮಲಗುತ್ತದೆ; ಬೆಂಕಿಯು ಮಲಗುವುದಿಲ್ಲ. ಇಳಿಜಾರಿನಲ್ಲಿ ಗಾಳಿ ಎದ್ದಾಗ ಅದು ಯಾರ ದನದ ಮೇವಿಗಾಗಿ ಹುಟ್ಟಿತೆಂಬುದನ್ನು ನೆನಪಿಟ್ಟುಕೊಂಡು ನಡೆಯುವುದೂ ಇಲ್ಲ.

2023ರ ಫೆಬ್ರುವರಿಯಲ್ಲಿ, ಇದೇ ಘಟ್ಟದ ಮೇಲ್ಭಾಗದ ಸಕಲೇಶಪುರ ತಾಲ್ಲೂಕಿನ ಕಾಡುಮನೆಯ ಪ್ರದೇಶದಲ್ಲಿ, ಕಾಡ್ಗಿಚ್ಚನ್ನು ಆರಿಸಲು ಹೋದ ಅರಣ್ಯ ಇಲಾಖೆಯ ನೌಕರರು ಜ್ವಾಲೆಗಳ ನಡುವೆ ಸಿಲುಕಿದರು. ಅವರಲ್ಲಿ ಒಬ್ಬ ತರುಣನು ಸುಟ್ಟ ಗಾಯಗಳಿಂದ ತೀರಿಕೊಂಡನು. ಬಂಡೀಪುರದಲ್ಲಿಯೂ 2017ರಲ್ಲಿ ಇಂಥದೇ ಮರಣ ಸಂಭವಿಸಿತ್ತು. ಕಾಡುಮನೆಯ ಬೆಂಕಿಯನ್ನು ಯಾವ ದನಗಾಹಿಯ ತಲೆಗೂ ಕಟ್ಟುವುದು ನನ್ನ ಉದ್ದೇಶವಲ್ಲ. ಕಿಚ್ಚಿನ ಎದುರಿಗೆ ಹಸಿ ಸೊಪ್ಪಿನ ಕೊಂಬೆ ಹಿಡಿದು ನಿಲ್ಲಬೇಕಾದವರು ಅದನ್ನು ಹಚ್ಚಿದವರಲ್ಲ ಎಂಬುದಷ್ಟೇ ನನ್ನ ಮಾತು. ಒಬ್ಬನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಮತ್ತೊಬ್ಬನು ಪ್ರಾಣ ತೆತ್ತು ಮುಗಿಸಬೇಕಾದರೆ, ಮೊದಲನೆಯವನು ಮಾಡಿದ್ದು ಕಾಯಕವೆನಿಸುವುದು ಹೇಗೆ?

ಇನ್ನು ನೀರಿನ ಸಂಗತಿ. ವರ್ಷವರ್ಷವೂ ಸುಡುವ ಇಳಿಜಾರಿನಲ್ಲಿ ತರಗೆಲೆ ಉಳಿಯದು, ಸಸಿ ಮೇಲೇಳದು. ಬರಿದಾದ ಮಣ್ಣನ್ನು ಜ್ಯೇಷ್ಠದ ಮಳೆ ಕೊಚ್ಚಿ ಕುಮಾರಧಾರೆಗೆ ಒಯ್ಯುತ್ತದೆ, ಅದು ಉಪ್ಪಿನಂಗಡಿಯಲ್ಲಿ ನೇತ್ರಾವತಿಯನ್ನು ಕೂಡುತ್ತದೆ. ಇಂಗಬೇಕಾದ ನೀರು ಹರಿದು ಹೋದ ಮೇಲೆ ಕೆಳಗಿನ ತೋಡುಗಳು ಬೇಗನೆ ಬತ್ತುತ್ತವೆ. ಮೇಲಿನ ದನಕ್ಕೆ ಚಿಗುರು ಕೊಟ್ಟ ಬೆಂಕಿಯು ಕೆಳಗಿನ ಹಟ್ಟಿಯ ದನದ ನೀರನ್ನು ಕಸಿದಿರುತ್ತದೆ. ಇದು ಯಾವ ಗೋಸೇವೆ?

ಬೆಂಕಿಯು ಮಿತಿ ಮೀರಿದರೆ ಏನಾಗುವುದೆಂಬುದನ್ನು 2019-20ರಲ್ಲಿ ಆಸ್ಟ್ರೇಲಿಯದ ಗೋಪಾಲಕರು ಕಂಡರು. ನ್ಯೂ ಸೌತ್ ವೇಲ್ಸ್ ರಾಜ್ಯದ ಕೊಬಾರ್ಗೊ ಎಂಬ ಹೈನುಗಾರಿಕೆಯ ಊರಿನ ಸುತ್ತ, ಬೆಂದು ನರಳುತ್ತಿದ್ದ ತಮ್ಮ ದನಗಳನ್ನು ಸಾಕಿದವರೇ ಗುಂಡಿಕ್ಕಿ ಕೊಲ್ಲಬೇಕಾಗಿ ಬಂದಿತು. ಅಲ್ಲಿಯ ಬರ, ಬಿಸಿಲು, ನೀಲಗಿರಿ ಮರಗಳ ಎಣ್ಣೆ ನಮ್ಮಲ್ಲಿಲ್ಲ. ಮಳೆಕಾಡು ಅಷ್ಟು ಸುಲಭವಾಗಿ ಉರಿಯದು. ಆದರೂ ಆ ಗೋಪಾಲಕನ ಕೈಯನ್ನು ಒಮ್ಮೆ ನೆನೆಯಿರಿ.

ಹಾಗಾದರೆ ಬೆಂಕಿಯನ್ನೇ ನಿಷೇಧಿಸಿಬಿಟ್ಟರೆ ಸಾಕಲ್ಲವೆ, ಎಂದು ತಾವು ಕೇಳಬಹುದು. ಕಾಯಿದೆಯು ನಿಷೇಧಿಸಿಯೇ ಇದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಲ್ಲಿ ‘ತರಗು ಬೆಂಕಿ’ ಎಂಬ ಪದ್ಧತಿಯಿತ್ತು. ಬೇಸಗೆ ಬಲಿಯುವ ಮೊದಲೇ, ತರಗು ತೆಳುವಾಗಿರುವಾಗ, ನೆಲಮಟ್ಟದ ಸಣ್ಣ ಬೆಂಕಿಯನ್ನು ಹಾಯಿಸುತ್ತಿದ್ದರು. 1974ರಲ್ಲಿ ಆ ಕಾಡು ಅಭಯಾರಣ್ಯವಾದ ಮೇಲೆ ಅದು ನಿಂತಿತು. ತರುವಾಯ ಲಂಟಾನ ದಟ್ಟವಾಗಿ ಹಬ್ಬಿತೆಂದೂ, ಈಗ ಬಿದ್ದ ಬೆಂಕಿ ಮರದ ತಲೆಗೇರುತ್ತದೆಂದೂ ಸೋಲಿಗರು ಹೇಳುತ್ತಾರೆ. ವಿಜ್ಞಾನಿಗಳಲ್ಲಿ ಹಲವರು ಈ ಮಾತಿಗೆ ಬೆಲೆ ಕೊಟ್ಟಿದ್ದಾರೆ. ಕಾಲ ನೋಡಿ ಹಚ್ಚಿ, ಆರುವ ತನಕ ಬಳಿಯಿದ್ದವರ ಬೆಂಕಿ ಒಂದು. ಗಾರ್ಡನ ಕಣ್ಣು ತಪ್ಪಿಸಿ ಮಟಮಟ ಮಧ್ಯಾಹ್ನದಲ್ಲಿ ಹಚ್ಚಿ ಓಡುವವನ ಬೆಂಕಿ ಇನ್ನೊಂದು. ಕಳ್ಳನಂತೆ ಹಚ್ಚಬೇಕಾದವನು ಕಾವಲು ನಿಲ್ಲುವುದಾದರೂ ಹೇಗೆ? 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಸುಟ್ಟಾಗಲೂ ದನಗಾಹಿಗಳತ್ತ ಬೆರಳು ತೋರಿಸಲಾಯಿತು. ಅವನ ತಪ್ಪನ್ನು ನಾನು ಮನ್ನಿಸುತ್ತಿಲ್ಲ. ಆದರೆ ಗೋಮಾಳಗಳನ್ನು ಒತ್ತುವರಿಗೆ, ಕಟ್ಟಡಗಳಿಗೆ ಕೊಟ್ಟು, ಅವನ ದನವನ್ನು ಕಾಡಿನಂಚಿಗೆ ತಳ್ಳಿದ ಊರಿನ ಹಿರಿಯರ ಪಾಲು ಇದರಲ್ಲಿ ಸಣ್ಣದಲ್ಲ. ಆ ಹಿರಿಯರ ಪೈಕಿ ವಿಭೂತಿ ಧರಿಸಿದವರೂ ಇದ್ದಾರೆ.

ಮಠದ ಪ್ರಸಾದನಿಲಯದಲ್ಲಿ ಉಂಡು ಓದಿದವರಲ್ಲಿ ಇಂದು ಅರಣ್ಯ ಇಲಾಖೆಯಲ್ಲಿರುವವರೂ, ಪಶುವೈದ್ಯರೂ, ಪಂಚಾಯಿತಿಗಳಲ್ಲಿ ಕುಳಿತವರೂ, ಹತ್ತಾರು ದನ ಕಟ್ಟಿರುವವರೂ ಇದ್ದೀರಿ. ಸುತ್ತೂರಿನ ಜಾತ್ರೆಯಲ್ಲಿ, ಶಿವರಾತ್ರಿಗೆ ಸಿದ್ಧಗಂಗೆಯಲ್ಲಿ ದನಗಳ ಪರಿಷೆ ನೆರೆಯುವುದು ಕಾಡ್ಗಿಚ್ಚಿನ ಕಾಲಕ್ಕೆ ತುಸು ಮೊದಲು, ಇಲ್ಲವೆ ಆ ಕಾಲದಲ್ಲಿಯೇ. ಎತ್ತಿನ ಹಲ್ಲು ಎಣಿಸಿ ವ್ಯಾಪಾರ ಮುಗಿಸಿದ ಮೇಲೆ ಒಂದು ಗಳಿಗೆ ಜೊತೆಗೆ ಕುಳಿತುಕೊಳ್ಳಬಹುದು. ಯಾವ ಊರಿನ ಗೋಮಾಳ ಎಷ್ಟು ಉಳಿದಿದೆ, ಹುಲ್ಲನ್ನು ಸುಡುವ ಬದಲು ಮಾಗಿಯಲ್ಲಿಯೇ ಕೊಯ್ದು ಬಣವೆ ಒಟ್ಟಲು ಇಲಾಖೆ ಅನುಮತಿ ಕೊಡುವುದೆ, ಬೆಂಕಿ ರೇಖೆ ಕಡಿಯುವ ಕೂಲಿ ಯಾವ ದನಗಾಹಿಗಳಿಗೆ ಸಿಗಬೇಕು, ಗಾಳಿಯ ರಾತ್ರಿಗಳಲ್ಲಿ ಗುಡ್ಡದ ಮೇಲೆ ಯಾರು ಎಚ್ಚರವಿರಬೇಕು ಎಂಬುದನ್ನು ಹೆಸರು ಹಿಡಿದು ಬರೆದುಕೊಂಡೇ ಏಳಬಹುದು.