ನಾಚಿಕೆ ಯಾರದು?

ಬೆಳಗೋಡಿನ ಕಡೆಯ ಕಾಫಿ ತೋಟದ ಲೈನಿನಲ್ಲಿ ನನ್ನಜ್ಜಿ ಸೂಲಗಿತ್ತಿ. ಮಳೆಗಾಲದ ನಡುರಾತ್ರಿ ಮೇಲ್ಜಾತಿಯ ಮನೆಯಿಂದ ಲಾಟೀನು ಹಿಡಿದು ಆಳು ಬಂದರೆ ಕಂಬಳಿಕೊಪ್ಪೆ ಹಾಕಿಕೊಂಡು ಹೊರಡುತ್ತಿದ್ದಳು. ಹಿತ್ತಿಲ ಬಾಗಿಲಲ್ಲಿ ಒಳಗೆ. ಕೂಸು ಅತ್ತ ಮೇಲೆ ಅದೇ ಬಾಗಿಲಲ್ಲಿ ಹೊರಗೆ. ಅವಳ ಹೆಜ್ಜೆಯ ಹಿಂದೆಯೇ ಸಗಣಿನೀರು. ಆ ಕೂಸನ್ನು ಮೊದಲು ಮುಟ್ಟಿದ ಕೈ ಯಾವುದು ಅಂತ ಯಾರೂ ಕೇಳುತ್ತಿರಲಿಲ್ಲ.

ಇದು ನೆನಪಾದದ್ದು ಒಂದು ಇಂಗ್ಲಿಷ್ ಪದದಿಂದ. ಹೆಣ್ಣಿನ ಹೊರ ಜನನಾಂಗಕ್ಕೆ ಅಂಗರಚನಾ ಶಾಸ್ತ್ರದಲ್ಲಿ 'ಪುಡೆಂಡಮ್' ಎಂಬ ಹೆಸರಿತ್ತು. ಲ್ಯಾಟಿನ್ನಿನಲ್ಲಿ 'ಪುಡೇರೆ' ಅಂದರೆ ನಾಚುವುದು. ಪುಡೆಂಡಮ್ ಅಂದರೆ ನಾಚಬೇಕಾದದ್ದು. ಮೊದಲು ಗಂಡಸಿನದಕ್ಕೂ ಈ ಮಾತು ಸಲ್ಲುತ್ತಿತ್ತು, ಆಮೇಲೆ ಹೆಣ್ಣಿನ ಮೈಗೆ ಮಾತ್ರ ಅಂಟಿತು. (ಹೆಸರಿಟ್ಟವರು ಯಾರು ಅಂತ ಬೇರೆ ಹೇಳಬೇಕೆ?) ಆಕಾರ ನೋಡಿ, ಕೆಲಸ ನೋಡಿ ಹೆಸರಿಡಬೇಕಾದ ವಿಜ್ಞಾನ ಇಲ್ಲಿ ತೀರ್ಪು ಕೊಟ್ಟು ಕೂತಿತು.

ಇನ್ನೂ ತಮಾಷೆ ಇದೆ. ಬೆನ್ನಿನ ಬುಡದ ಎಲುಬು 'ಸೇಕ್ರಮ್', ಅಂದರೆ ಪವಿತ್ರ ಎಲುಬು. ನಾಚಿಕೆಯ ಭಾಗಕ್ಕೆ ಹೋಗುವ 'ಪುಡೆಂಡಲ್' ನರದ ಎಳೆಗಳು ಹೊರಡುವುದು ಆ ಪವಿತ್ರ ಎಲುಬಿನ ತೂತುಗಳಿಂದಲೇ! ಮೈಯೊಳಗೇ ಒಂದು ಗುಡಿ, ಒಂದು ಕೇರಿ ಕಟ್ಟಿಟ್ಟರು.

ನಾವೇನೂ ನಗುವ ಹಾಗಿಲ್ಲ. ಕನ್ನಡದ 'ಹೊಲೆ' ನೋಡಿ. ಮೈಲಿಗೆಯೂ ಹೊಲೆ, ಹೆಣ್ಣಿನ ಮುಟ್ಟೂ ಹೊಲೆ. ಒಂದೇ ಪದದಿಂದ ಹೆಣ್ಣಿನ ಮೈಯನ್ನೂ ನಮ್ಮ ಕೇರಿಯನ್ನೂ ಹೊರಗಿಟ್ಟರು. ಅಲ್ಲ, ಹೊಲದಲ್ಲಿ ದುಡಿಯುವವನೇ ಹೊಲೆಯ ಎಂದು ವಾದಿಸುವವರಿದ್ದಾರೆ. ನನಗೂ ಆ ವಾದ ಇಷ್ಟ. ಆದರೆ ಪದದ ಬೇರು ಹೊಲದಲ್ಲಿ ಸಿಕ್ಕಿದ ಮಾತ್ರಕ್ಕೆ ಹೊಲ ನಮಗೆ ಸಿಕ್ಕೀತೆ?

2019ರಲ್ಲಿ ಅಂಗರಚನಾ ಶಾಸ್ತ್ರದ ಅಂತರರಾಷ್ಟ್ರೀಯ ಪದಪಟ್ಟಿಯಿಂದ ಪುಡೆಂಡಮ್ ತೆಗೆದುಹಾಕಿದರು. ನರದ ಹೆಸರು ಮಾತ್ರ ಹಾಗೇ ಉಳಿಯಿತು. 1950ರ ಸಂವಿಧಾನ 17ನೇ ವಿಧಿಯಲ್ಲಿ ಅಸ್ಪೃಶ್ಯತೆಯನ್ನು ತೆಗೆದ ಹಾಗೆ: ಪಟ್ಟಿಯಲ್ಲಿಲ್ಲ, ನರದಲ್ಲಿದೆ.

ಹಾಗಾದರೆ ಹೆಸರು ಬದಲಿಸುವುದು ದಂಡವೇ? ದಂಡವಲ್ಲ. ಬೈಗುಳವನ್ನೇ ಹೆಸರೆಂದು ಒಪ್ಪಿಕೊಂಡವರು ತಮ್ಮ ಮೈಯನ್ನು ತಾವೇ ಬೈದುಕೊಳ್ಳುತ್ತಾರೆ. ನಮ್ಮ ಎಷ್ಟೋ ಹೆಣ್ಣುಮಕ್ಕಳು ನೋವು ಎಲ್ಲಿ ಅಂತ ಡಾಕ್ಟರ ಮುಂದೆ ಬಾಯಿಬಿಡದೆ ನರಳುವುದು ಸುಮ್ಮನೆ ಅಲ್ಲ.

ಅಜ್ಜಿಯನ್ನು ಒಮ್ಮೆ ಕೇಳಿದ್ದೆ, ಆ ಜಾಗಕ್ಕೆ ನೀನು ಏನಂತೀಯ ಅಂತ. 'ಕೂಸು ಬರೋ ದಾರಿ ಅಂತೀನಿ ಕಣ್ಲಾ, ಇನ್ನೇನನ್ಲಿ?' ಅಂದು ಅಡಿಕೆ ಬಾಯಿಗೆ ಹಾಕಿಕೊಂಡಳು.