ಉತ್ತರಿಸದವನ ಪಾಲು

ದ್ರೌಪದಿಯ ಪ್ರಶ್ನೆಗೆ ಕುರುಸಭೆಯ ಹಿರಿಯರು ಬಾಯಿ ಬಿಡದೆ ಕೂತಾಗ ವಿದುರ ಎದ್ದು ನಿಂತು ಪ್ರಹ್ಲಾದ, ವಿರೋಚನ, ಸುಧನ್ವರ ಹಳೆಯ ಕಥೆಯೊಂದನ್ನು ಹೇಳುತ್ತಾನೆ. ಅದರ ತಿರುಳು ಕಠಿಣವಾದದ್ದು. ಸಭೆಯಲ್ಲಿದ್ದು, ವಿಷಯ ಬಲ್ಲವನಾಗಿದ್ದೂ ಉತ್ತರ ಕೊಡದವನಿಗೆ ಸುಳ್ಳಾಡಿದ್ದರ ಫಲದಲ್ಲಿ ಅರ್ಧ ಅಂಟಿಕೊಳ್ಳುತ್ತದೆ. ಮನುಸ್ಮೃತಿಯ ಎಂಟನೆಯ ಅಧ್ಯಾಯವೂ ಸುಮ್ಮನಿರುವವನನ್ನು ಸುಳ್ಳು ಹೇಳುವವನ ಪಕ್ಕದಲ್ಲೇ ನಿಲ್ಲಿಸುತ್ತದೆ. ಮೌನಕ್ಕೆ ನಾವು ಸಾಮಾನ್ಯವಾಗಿ ಕೊಡುವ ಗೌರವಕ್ಕೆ ಇದು ವಿರುದ್ಧ. ಆದರೂ ಇದೇ ಸರಿ ಎಂದು ನಾನು ನಂಬುತ್ತೇನೆ. ಈ ನಂಬಿಕೆಯನ್ನು ಪರೀಕ್ಷಿಸಲು ಆವೇಶವೇ ಇಲ್ಲದ, ತೀರಾ ಸಾದಾ ಸಂದರ್ಭವೊಂದನ್ನು ಎತ್ತಿಕೊಳ್ಳುತ್ತೇನೆ. ಅಮೆರಿಕದ ವಿಮಾನಯಾನ ಆಡಳಿತ ಸಂಸ್ಥೆಯಾದ ಎಫ್‌ಎಎ 1978ರಿಂದ ಪ್ರತಿವರ್ಷ ಖಾಸಗಿ ವಿಮಾನಗಳ ಮಾಲೀಕರಿಗೆ ಒಂದು ಪ್ರಶ್ನಾವಳಿ ಕಳಿಸುತ್ತದೆ. ಕಳೆದ ವರ್ಷ ನಿಮ್ಮ ವಿಮಾನ ಎಷ್ಟು ಗಂಟೆ ಹಾರಿತು, ಯಾವ ಉದ್ದೇಶಕ್ಕೆ ಹಾರಿತು, ಎಷ್ಟು ಇಂಧನ ಸುಟ್ಟಿತು, ಅದರಲ್ಲಿ ಯಾವ ಉಪಕರಣಗಳಿವೆ ಎಂದು ಕೇಳುತ್ತದೆ. ಉತ್ತರಿಸಲೇಬೇಕೆಂಬ ಕಾನೂನಿಲ್ಲ, ಉತ್ತರಿಸದಿದ್ದರೆ ದಂಡವೂ ಇಲ್ಲ. ಹಾಗಿರುವಾಗ ಉತ್ತರಿಸುವ ಹೊಣೆ ಮಾಲೀಕನ ಮೇಲಿದೆಯೇ?

ಇದೆ ಎನ್ನುವುದಕ್ಕೆ ಮೊದಲ ಕಾರಣ ಆ ಲೆಕ್ಕದ ಸ್ವರೂಪದಲ್ಲೇ ಇದೆ. ಹಾರಾಟದ ಸುರಕ್ಷತೆಯನ್ನು ಇಂತಿಷ್ಟು ಗಂಟೆಗಳ ಹಾರಾಟಕ್ಕೆ ಎಷ್ಟು ಅಪಘಾತ ಎಂದು ಅಳೆಯುತ್ತಾರೆ. ಅಮೆರಿಕದ ಖಾಸಗಿ ಹಾರಾಟದಲ್ಲಿ ಅದು ಲಕ್ಷ ಗಂಟೆಗೆ ಸುಮಾರು ಒಂದು ಪ್ರಾಣಹಾನಿಯ ಅಪಘಾತ. ಅಪಘಾತವಾದರೆ ತಕ್ಷಣ ರಾಷ್ಟ್ರೀಯ ಸಾರಿಗೆ ಸುರಕ್ಷತಾ ಮಂಡಳಿಗೆ ತಿಳಿಸಬೇಕೆಂದು ಕಾನೂನಿದೆ. ವಿಮಾನ ಕಂಪನಿಗಳು ತಮ್ಮ ಹಾರಾಟದ ಗಂಟೆಗಳನ್ನು ಸರ್ಕಾರಕ್ಕೆ ಒಪ್ಪಿಸಲೇಬೇಕು. ಖಾಸಗಿ ವಿಮಾನಗಳ ಗಂಟೆಗಳು ಮಾತ್ರ ಮಾಲೀಕರು ಮನಸ್ಸು ಮಾಡಿ ಹೇಳಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಪೈಲಟ್ ತನ್ನ ಲಾಗ್‌ಬುಕ್‌ನಲ್ಲಿ ಪ್ರತಿಯೊಂದು ಹಾರಾಟವನ್ನೂ ಬರೆಯಬೇಕೆಂಬ ನಿಯಮವೂ ಅಲ್ಲಿಲ್ಲ. ಅಂದರೆ ಭಾಗಾಕಾರದ ಮೇಲಿನ ಸಂಖ್ಯೆ, ಅಪಘಾತಗಳ ಸಂಖ್ಯೆ, ಕಾನೂನಿನಿಂದ ಬರುತ್ತದೆ. ಕೆಳಗಿನದು ಜನರ ಸತ್ಯನಿಷ್ಠೆಯಿಂದ ಮಾತ್ರ ಬರಬೇಕು. ಇಲ್ಲಿ ಒಬ್ಬ ಸುಮ್ಮನಾದರೆ ಆ ಜಾಗ ಖಾಲಿ ಉಳಿಯುವುದಿಲ್ಲ, ಉತ್ತರಿಸಿದವರ ಸರಾಸರಿ ಅಲ್ಲಿ ಬಂದು ಕೂರುತ್ತದೆ. ವರ್ಷವಿಡೀ ವಿಮಾನವನ್ನು ಹ್ಯಾಂಗರ್‌ನಿಂದ ಹೊರಗೆ ತೆಗೆಯದ ಮಾಲೀಕ, ಹೇಳುವುದಕ್ಕೆ ನನ್ನಲ್ಲಿ ಏನಿದೆ ಎಂದುಕೊಂಡು ಪ್ರಶ್ನಾವಳಿಯನ್ನು ಬದಿಗಿಟ್ಟ ಎನ್ನಿ. ಅವನ ವಿಮಾನಕ್ಕೆ ಬೇರೆಯವರ ಗಂಟೆಗಳು ಸೇರುತ್ತವೆ. ಅಂಥವರು ಹೆಚ್ಚಾದಷ್ಟೂ ಒಟ್ಟು ಗಂಟೆಗಳು ಉಬ್ಬುತ್ತವೆ, ಅಪಘಾತದ ಪ್ರಮಾಣ ಇಳಿದಂತೆ ಕಾಣುತ್ತದೆ, ಅಪಾಯಕರವಾದದ್ದು ಸುರಕ್ಷಿತವೆನಿಸುತ್ತದೆ. ಬಿಡುವಿಲ್ಲದೆ ಹಾರುವವರು ಸುಮ್ಮನಾದರೆ ಇದೆಲ್ಲ ತಿರುವುಮುರುವಾಗುತ್ತದೆ. ಯಾರೂ ಸುಳ್ಳು ಹೇಳದಿದ್ದರೂ ಒಂದು ಸುಳ್ಳು ಹುಟ್ಟಿಬಿಟ್ಟಿತು. ವಿದುರ ಹೇಳಿದ ಅರ್ಧ ಪಾಲು ಇದೇ. ಮೌನಿಯ ಬಾಯಲ್ಲಿ ಅವನು ಆಡದ ಮಾತು ಕೂತಿದೆ, ಅದಕ್ಕೆ ಎಡೆ ಮಾಡಿಕೊಟ್ಟವನು ಅವನೇ.

ಸುಮಾರು ಎರಡು ಲಕ್ಷ ವಿಮಾನಗಳಿರುವ ದೇಶದಲ್ಲಿ ನನ್ನೊಂದರ ಲೆಕ್ಕದಿಂದ ಏನಾದೀತು ಎಂದು ಕೇಳಬಹುದು. ತತ್ತ್ವಶಾಸ್ತ್ರದಲ್ಲಿ ಇದು ಪರಿಚಿತ ವಾದ. ಕಣ್ಣಿಗೆ ಕಾಣದಷ್ಟು ಸಣ್ಣ ಪರಿಣಾಮಕ್ಕೆ ನೈತಿಕ ತೂಕವಿಲ್ಲವೆಂಬ ಎಣಿಕೆಯೇ ತಪ್ಪೆಂದು ಡೆರೆಕ್ ಪಾರ್ಫಿಟ್ 1984ರ ತನ್ನ ‘ರೀಸನ್ಸ್ ಅಂಡ್ ಪರ್ಸನ್ಸ್’ ಕೃತಿಯಲ್ಲಿ ವಾದಿಸಿದ. ಅನೇಕರು ಕೂಡಿ ಮಾಡುವ ಹಾನಿಯಲ್ಲಿ ಪ್ರತಿಯೊಬ್ಬನ ಪಾಲು ಅತ್ಯಲ್ಪವಾಗಿದ್ದರೂ ಹಾನಿ ಹಾನಿಯೇ. ಆದರೆ ಇಲ್ಲಿ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ಈ ಸಮೀಕ್ಷೆ ಸಾಮಾನ್ಯ ಸಣ್ಣ ವಿಮಾನಗಳಲ್ಲಿ ಕೆಲವನ್ನಷ್ಟೇ ಆರಿಸಿಕೊಳ್ಳುತ್ತದೆ, ಆಯ್ಕೆಯಾದ ಒಬ್ಬ ಮಾಲೀಕ ಹಲವರ ಪರವಾಗಿ ಮಾತಾಡುತ್ತಾನೆ. ಹೆಲಿಕಾಪ್ಟರ್‌ಗಳು ಮತ್ತು ಅಲಾಸ್ಕಾದ ವಿಮಾನಗಳಂಥ ಗುಂಪುಗಳಲ್ಲಿ ಎಲ್ಲರನ್ನೂ ಕೇಳುತ್ತಾರೆ, ಏಕೆಂದರೆ ಅಲ್ಲಿ ಸಂಖ್ಯೆ ಸಣ್ಣದು, ಪ್ರತಿ ಉತ್ತರವೂ ಭಾರವಾದದ್ದು. ಅಲಾಸ್ಕಾದ ಹೆಚ್ಚಿನ ಊರುಗಳಿಗೆ ರಸ್ತೆಯಿಲ್ಲ. ರಾಜಧಾನಿ ಜೂನೋಗೂ ಹೊರಗಿನಿಂದ ರಸ್ತೆಯಲ್ಲಿ ಹೋಗಲಾಗದು. ಬೇನೆ ಬಿದ್ದವರನ್ನು, ಅಂಚೆಯನ್ನು, ದಿನಸಿಯನ್ನು ಸಾಗಿಸುವುದು ಸಣ್ಣ ವಿಮಾನ. ಅಲ್ಲಿನ ಅಪಘಾತಗಳನ್ನು ತಗ್ಗಿಸಲು 1999ರಿಂದ 2006ರವರೆಗೆ ಕ್ಯಾಪ್‌ಸ್ಟೋನ್ ಎಂಬ ಯೋಜನೆಯಡಿ ವಿಮಾನಗಳಿಗೆ ಹೊಸ ಉಪಕರಣಗಳನ್ನು ಕೂರಿಸಿದರು. ಅಂಥ ಪ್ರಯತ್ನ ಜೀವ ಉಳಿಸಿತೋ ಇಲ್ಲವೋ ಎಂದು ತೀರ್ಮಾನಿಸಲು ಎಷ್ಟು ಹಾರಾಟ ನಡೆಯಿತೆಂದು ಗೊತ್ತಿರಲೇಬೇಕು. ಅದನ್ನು ಬಲ್ಲವನು ಟ್ಯಾಕೋಮೀಟರ್ ನೋಡಿ ಹತ್ತು ನಿಮಿಷದಲ್ಲಿ ಹೇಳಬಲ್ಲ. ಇಷ್ಟು ಅಗ್ಗದ ಸತ್ಯವನ್ನು ತಡೆಹಿಡಿಯಲು ನಾನೊಬ್ಬನೇ ಎಂಬ ನೆಪ ಸಾಲದು.

ಇದಕ್ಕಿಂತ ಗಟ್ಟಿಯಾದ ಆಕ್ಷೇಪವೊಂದಿದೆ. ಮನು ಸಭೆಗೆ ಹೋಗದಿರುವ ದಾರಿಯನ್ನು ತೆರೆದೇ ಇಟ್ಟಿದ್ದಾನೆ. ಹೋದರೆ ಸರಿಯಾಗಿ ಮಾತಾಡು, ಇಲ್ಲವೇ ಹೋಗಬೇಡ ಎಂಬುದು ಅವನ ನಿಲುವು. ಖಾಸಗಿ ಪೈಲಟ್ ಯಾವ ಸಭೆಗೂ ಹೋಗಿಲ್ಲವಲ್ಲ, ತನ್ನ ದುಡ್ಡಿನಲ್ಲಿ ವಿಮಾನ ಕೊಂಡು ತನ್ನ ಪಾಡಿಗೆ ಹಾರುತ್ತಾನಲ್ಲ? ನನ್ನ ಉತ್ತರವೆಂದರೆ, ನೆಲ ಬಿಟ್ಟ ಗಳಿಗೆಯಲ್ಲೇ ಅವನು ಸಭೆಗೆ ಬಂದ. ಅವನು ಬಳಸುವ ಆಕಾಶವನ್ನು ಬೇರೆಯವರೂ ಬಳಸುತ್ತಾರೆ. ರನ್‌ವೇ, ನಿಯಂತ್ರಣ ಗೋಪುರ, ಹವಾಮಾನ ವರದಿ ಎಲ್ಲರ ಹಣದಿಂದ ನಡೆಯುತ್ತವೆ. ಅವನೂ ವಿಮಾನದ ಪೆಟ್ರೋಲಿನ ಪ್ರತಿ ಗ್ಯಾಲನ್‌ಗೆ 19.4 ಸೆಂಟ್ ಕೇಂದ್ರ ತೆರಿಗೆ ಕಟ್ಟುತ್ತಾನೆ, ನಿಜ. ಆದರೆ ಆ ವ್ಯವಸ್ಥೆಯನ್ನು ಹೊರುವ ನಿಧಿಗೆ ಹೆಚ್ಚಿನ ಹಣ ಬರುವುದು ಸಾಮಾನ್ಯ ವಿಮಾನ ಪ್ರಯಾಣಿಕರಿಂದ. ದೇಶದೊಳಗಿನ ಟಿಕೆಟ್ಟಿನ ಮೇಲೆ ಅವರು 7.5 ಪ್ರತಿಶತ ತೆರುತ್ತಾರೆ. ಕಾಯಕಕ್ಕೆ ದಾಸೋಹವನ್ನು ಜೋಡಿಸಿದ ಶರಣರಿಗೆ ಇದು ಬಿಡಿಸಿ ಹೇಳಬೇಕಾದ ಮಾತಾಗಿರಲಿಲ್ಲ. ಸಮುದಾಯದಿಂದ ಪಡೆದವನು ಸಮುದಾಯಕ್ಕೆ ಒಂದಿಷ್ಟು ಮರಳಿಸಬೇಕು, ಯಾರೂ ಬಂದು ವಸೂಲಿ ಮಾಡದಿದ್ದರೂ. ಬಲವಂತವಿಲ್ಲದ ಕಡೆ ಹೊಣೆ ಕರಗುತ್ತದೆ ಎನ್ನುವುದಾದರೆ ಧರ್ಮವೆಂಬುದು ಪೊಲೀಸರ ಭಯದ ಇನ್ನೊಂದು ಹೆಸರಷ್ಟೇ ಆದೀತು.

ಉಳಿದದ್ದು ಸರ್ಕಾರದ ಮೇಲಿನ ಅನುಮಾನ. ಅದನ್ನು ಹಗುರವಾಗಿ ತಳ್ಳಿಹಾಕಲು ನಾನು ಸಿದ್ಧನಿಲ್ಲ. 2020ರ ಜನವರಿಯಿಂದ ಅಮೆರಿಕದ ನಿಯಂತ್ರಿತ ವಾಯುಪ್ರದೇಶದ ಬಹುಭಾಗದಲ್ಲಿ ವಿಮಾನಗಳು ಎಡಿಎಸ್-ಬಿ ಉಪಕರಣದ ಮೂಲಕ ತಾವಿರುವ ಜಾಗವನ್ನು ಬಿತ್ತರಿಸಲೇಬೇಕು. ಡಿಕ್ಕಿ ತಪ್ಪಿಸುವುದಕ್ಕೆಂದು ತಂದ ಆ ಸಂಕೇತವನ್ನೇ ಹಿಡಿದು ಕೆಲವು ವಿಮಾನ ನಿಲ್ದಾಣಗಳು ಇಳಿದ ವಿಮಾನಗಳಿಗೆ ಶುಲ್ಕದ ಬಿಲ್ ಕಳಿಸತೊಡಗಿವೆ. ಪೈಲಟ್‌ಗಳ ಸಂಘಗಳು ಇದನ್ನು ವಿರೋಧಿಸುತ್ತಿರುವುದು ನ್ಯಾಯವೇ. ಒಂದು ಉದ್ದೇಶಕ್ಕೆ ಕೊಟ್ಟ ಮಾಹಿತಿಯನ್ನು ಇನ್ನೊಂದಕ್ಕೆ ಬಳಸುವುದು ನಂಬಿಕೆದ್ರೋಹ. ಆದರೆ ಸಮೀಕ್ಷೆ ಆ ಜಾತಿಯದಲ್ಲ. ಅದರ ಉತ್ತರಗಳು ಒಟ್ಟು ಮೊತ್ತಗಳಾಗಿ ಮಾತ್ರ ಪ್ರಕಟವಾಗುತ್ತವೆ, ಯಾರು ಎಷ್ಟು ಹಾರಿದರೆಂದು ಹೊರಗೆ ಬರುವುದಿಲ್ಲ. ಹೇಗೂ ಸಂಕೇತಗಳಿಂದ ಎಲ್ಲ ಗೊತ್ತಾಗುತ್ತದಲ್ಲ ಎಂಬ ಮಾತೂ ನಿಲ್ಲುವುದಿಲ್ಲ. ಆ ಉಪಕರಣ ಬೇಕಿಲ್ಲದ ವಿಶಾಲ ವಾಯುಪ್ರದೇಶ ಇನ್ನೂ ಇದೆ. ಪರದೆಯ ಮೇಲೆ ಸರಿಯುವ ಚುಕ್ಕೆ ಅದು ತರಬೇತಿಯೋ, ವ್ಯವಹಾರವೋ, ಭಾನುವಾರದ ವಿಹಾರವೋ ಎಂದು ಹೇಳುವುದೂ ಇಲ್ಲ. ನಾಗರಿಕನ ಸಮ್ಮತಿಯಿಲ್ಲದೆ ಅವನನ್ನು ಹಿಂಬಾಲಿಸುವ ರಾಜ್ಯವನ್ನು ವಿರೋಧಿಸುವವರು, ಅವನನ್ನೇ ಕೇಳಿ ತಿಳಿಯುವ ರಾಜ್ಯವನ್ನು ಎತ್ತಿಹಿಡಿಯಬೇಕು. ಕೇಳಿದಾಗ ಯಾರೂ ಹೇಳದಿದ್ದರೆ, ಕೇಳದೆ ತಿಳಿದುಕೊಳ್ಳುವುದೊಂದೇ ದಾರಿ ಎನ್ನುವ ಅಧಿಕಾರಿಯ ಕೈ ಬಲವಾಗುತ್ತದೆ.

ಈ ಉತ್ತರಗಳನ್ನು ಎಫ್‌ಎಎ ಒಬ್ಬೊಬ್ಬ ಮಾಲೀಕನ ವಿರುದ್ಧ ಬಳಸಿದ ದಿನ ಈ ಹೊಣೆ ಕಳಚುತ್ತದೆ, ಆಗ ಮೌನವೇ ಸರಿಯಾದ ನಡೆ. ಅಲ್ಲಿಯವರೆಗೆ ಪ್ರಶ್ನಾವಳಿ ಬಂದ ಪ್ರತಿ ಮಾಲೀಕನೂ ಅದನ್ನು ತುಂಬಿ ಕಳಿಸಬೇಕು, ವಿಮಾನ ಹಾರದ ವರ್ಷದಲ್ಲಿ ಸೊನ್ನೆ ಎಂದಾದರೂ ಬರೆದು.