ಚಿತ್ರದ ಮೀನು, ಮನಸ್ಸಿನ ಗಾಳ

ಮೊಣಕಾಲುದ್ದ ನೀರಿನಲ್ಲಿ ನಿಂತು, ಗಾಳಕ್ಕೆ ಸಿಕ್ಕಿದ ದೊಡ್ಡ ಮೀನೊಂದನ್ನು ಎರಡೂ ಕೈಗಳಲ್ಲಿ ಎತ್ತಿ ಹಿಡಿದು ನಗುವ ಮನುಷ್ಯನ ಛಾಯಾಚಿತ್ರವನ್ನು ನೋಡದವರು ಇಂದು ವಿರಳ. ಹಿಂದೆ ಮಂಜು ಕವಿದ ಬೆಟ್ಟ, ಬದಿಯಲ್ಲಿ ಬಂಡೆಗಳ ನಡುವೆ ಧುಮುಕುವ ಹೊಳೆ; ಮೀನಿನ ಹುರುಪೆಗಳ ಮೇಲೆ ಬೆಳಗಿನ ಬಿಸಿಲು. ಅಲಾಸ್ಕಾದ ಸಾಲ್ಮನ್, ಮಂಗೋಲಿಯಾದ ಟೈಮೆನ್, ಕಾವೇರಿಯ ಮಹಶೀರ್, ಹೀಗೆ ಒಂದೊಂದು ಮೀನಿನ ಹೆಸರಿನೊಡನೆ ಒಂದೊಂದು ದೂರದ ನದಿಯ ಹೆಸರು ಅಂಟಿಕೊಂಡಿದೆ. ಇಂಥ ಚಿತ್ರಗಳು ಮೊದಲು ಕ್ಯಾಲೆಂಡರುಗಳಲ್ಲಿಯೂ ಪ್ರವಾಸದ ಪತ್ರಿಕೆಗಳಲ್ಲಿಯೂ ಇದ್ದವು. ಈಗ ಅಂಗೈಯಲ್ಲಿರುವ ದೂರವಾಣಿಯೊಳಗೂ ಬಂದು ಕುಳಿತಿವೆ. ಗಾಳವನ್ನು ಕೈಯಿಂದ ಮುಟ್ಟದವರೂ ಮೀನನ್ನು ಎಂದೂ ತಿನ್ನದವರೂ ಇವುಗಳನ್ನು ನೋಡಿ ಸಂತೋಷಪಡುತ್ತಾರೆ. ಒಮ್ಮೆ ಆ ನದಿಯ ದಂಡೆಗೆ ಹೋಗಬೇಕೆಂದು ಕನಸು ಕಾಣುತ್ತಾರೆ. ಶ್ರಾವಕರ ಮನೆಯ ತರುಣರೂ ಇದಕ್ಕೆ ಹೊರತಲ್ಲ. ಕೊಂದಿಲ್ಲ, ತಿಂದಿಲ್ಲ, ಅನೇಕ ವೇಳೆ ಚಿತ್ರದ ಮೀನನ್ನು ಪುನಃ ನೀರಿಗೆ ಬಿಟ್ಟೂ ಇರುತ್ತಾರೆ. ಉಳಿದಿರುವುದು ನೋಟ ಮತ್ತು ಕನಸು ಮಾತ್ರ. ಇವೆರಡರಲ್ಲಿ ದೋಷವೇನಾದರೂ ಉಂಟೇ ಎಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ಅವಸರದಿಂದ ‘ಉಂಟು’ ಎಂದು ಉತ್ತರಿಸುವುದು ಸುಲಭ. ಆದರೆ ಅದು ಅನ್ಯಾಯವಾದೀತು. ನೀರು, ಏಕಾಂತ, ಅರಣ್ಯ, ನಸುಕಿನ ಮೌನ ಇವು ಮನುಷ್ಯನನ್ನು ಸೆಳೆಯುವುದು ಸಹಜ, ಮತ್ತು ಆ ಸೆಳೆತ ಕೀಳಾದುದಲ್ಲ. ತೀರ್ಥಂಕರರ ಮಾತೆಯು ಕಂಡ ಹದಿನಾರು ಶುಭಸ್ವಪ್ನಗಳಲ್ಲಿ ಸರೋವರವಿದೆ, ಸಮುದ್ರವಿದೆ, ನೀರಿನಲ್ಲಿ ಆಡುವ ಮೀನುಗಳ ಜೋಡಿಯೂ ಇದೆ. ದಿಗಂಬರ ಸಂಪ್ರದಾಯದಲ್ಲಿ ಅರನಾಥ ತೀರ್ಥಂಕರರ ಲಾಂಛನವೇ ಮೀನು. ವರಂಗದ ಕೆರೆಬಸದಿಗೆ ದೋಣಿಯಲ್ಲಿ ಸಾಗುವ ಯಾತ್ರಿಕನಿಗೂ ಪಾವಾಪುರಿಯ ಜಲಮಂದಿರದ ಸೇತುವೆಯ ಮೇಲೆ ನಿಂತವನಿಗೂ ಜಲದರ್ಶನದಿಂದ ಉಂಟಾಗುವ ಶಾಂತಿಯನ್ನು ಯಾರೂ ಪಾಪವೆನ್ನಲಾರರು. ಮೀನಿನ ಸೌಂದರ್ಯವನ್ನು ಕಂಡು ಹಿಗ್ಗುವುದು, ಕಾಣದ ನದಿಗಾಗಿ ಹಂಬಲಿಸುವುದು ಇವಿಷ್ಟೇ ಆಗಿದ್ದರೆ ಪ್ರಶ್ನೆಯೇ ಏಳುತ್ತಿರಲಿಲ್ಲ.

ಆದರೆ ಮಾತೆಯ ಸ್ವಪ್ನದಲ್ಲಿ ಮೀನುಗಳು ನೀರಿನೊಳಗಿವೆ. ಛಾಯಾಚಿತ್ರದಲ್ಲಿ ಮೀನು ನೀರಿನ ಹೊರಗಿದೆ. ಇಡೀ ವಿಚಾರವು ಈ ಒಂದು ಅಂತರದ ಮೇಲೆ ನಿಂತಿದೆ.

ಮೀನು ಹೊರಗೆ ಬಂದ ಬಗೆಯನ್ನು ಚಿತ್ರವು ಹೇಳುವುದಿಲ್ಲ. ಕಾವೇರಿಯಲ್ಲಿ ಮಹಶೀರ್ ಮೀನಿಗೆ, ಅಂದರೆ ದಂಡೆಯ ಜನರ ಬಿಳಿಮೀನಿಗೆ, ರಾಗಿಹಿಟ್ಟನ್ನು ಬೇಯಿಸಿ ಕಟ್ಟಿದ ಉಂಡೆಯನ್ನು ಕೊಕ್ಕೆಗೆ ಸಿಕ್ಕಿಸಿ ಒಡ್ಡುತ್ತಿದ್ದರು. ಶೃಂಗೇರಿಯ ತುಂಗೆಯಲ್ಲಿ ಭಕ್ತರು ಮೀನುಗಳಿಗೆ ಎಸೆಯುವುದೂ ಆಹಾರವೇ. ಅಲ್ಲಿ ಅದು ದಾನ, ಇಲ್ಲಿ ಅದು ವಂಚನೆ. ಮಾಯಾಕಷಾಯಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆಯನ್ನು ಹುಡುಕಬೇಕಾಗಿಲ್ಲ. ಕೊಕ್ಕೆ ನೆಟ್ಟ ಮೇಲೆ ಮೀನನ್ನು ಕೂಡಲೇ ಎಳೆಯುವುದಿಲ್ಲ. ದಾರವನ್ನು ಬಿಟ್ಟು, ಎಳೆದು, ಬಿಟ್ಟು, ಅದು ಸಂಪೂರ್ಣ ಬಳಲುವವರೆಗೆ ಓಡಾಡಿಸುತ್ತಾರೆ. ದೊಡ್ಡ ಮೀನಾದರೆ ಇದು ಬಹಳ ಹೊತ್ತು ನಡೆಯುತ್ತದೆ. ಗಾಳಗಾರರ ಭಾಷೆಯಲ್ಲಿ ಇದಕ್ಕೆ ‘ಆಟ’ ಎಂದೇ ಹೆಸರು. ಬಳಿಕ ಛಾಯಾಗ್ರಹಣಕ್ಕಾಗಿ ಅದನ್ನು ಗಾಳಿಗೆ ಎತ್ತಬೇಕು. ಕಿವಿರುಗಳಿಂದ ಉಸಿರಾಡುವ ಜೀವಿಗೆ, ಅದೂ ದಣಿದು ಹೆಚ್ಚು ಪ್ರಾಣವಾಯು ಬೇಕಾದ ಗಳಿಗೆಯಲ್ಲಿ, ಅದು ಉಸಿರುಗಟ್ಟುವ ಕಾಲ. ಒಂದು ಚಿತ್ರ ಸಾಲದು, ಇನ್ನೊಂದು ತೆಗೆಯೋಣವೆನ್ನುವಾಗ ಆ ಕಾಲ ಬೆಳೆಯುತ್ತದೆ. ಮೀನನ್ನು ತೋಳು ಚಾಚಿ ಮಸೂರದ ಹತ್ತಿರಕ್ಕೆ ಒಡ್ಡಿದರೆ ಇದ್ದುದಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಈ ಉಪಾಯವನ್ನು ಬಲ್ಲದ ಗಾಳಗಾರನಿಲ್ಲ. ಹಿಂಸೆಯ ಜೊತೆಗೆ ಸಣ್ಣದೊಂದು ಅಸತ್ಯವೂ ಸೇರಿತು.

ಮೀನಿಗೆ ನೋವೆಂಬುದುಂಟೇ ಎಂದು ಕೇಳುವವರಿದ್ದಾರೆ. ಜೈನಾಗಮಕ್ಕೆ ಇದು ಸಂಶಯದ ವಿಷಯವಲ್ಲ. ಮೀನು ಪಂಚೇಂದ್ರಿಯ ಜೀವಿ. ವಿಜ್ಞಾನವು ಈ ಮಾತಿಗೆ ತಡವಾಗಿ ಬಂದಿತು. ೨೦೦೩ರಲ್ಲಿ ಸ್ಕಾಟ್ಲೆಂಡಿನಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ಟ್ರೌಟ್ ಮೀನುಗಳ ತುಟಿಗೆ ಜೇನುನೊಣದ ವಿಷವನ್ನೂ ಆಮ್ಲವನ್ನೂ ಚುಚ್ಚಿ ಪರೀಕ್ಷಿಸಿದರು. ಮೀನುಗಳು ಮೇವನ್ನು ಮರೆತು ತೂಗಾಡಿದವು. ಆಮ್ಲ ತಗುಲಿದವು ತುಟಿಯನ್ನು ತೊಟ್ಟಿಯ ಕಲ್ಲುಗಳಿಗೆ ಉಜ್ಜಿಕೊಂಡವು. ಈ ವರ್ತನೆಯನ್ನು ನೋವೆಂದು ಕರೆಯಬಹುದೇ ಎಂಬ ವಾದ ವಿದ್ವಾಂಸರಲ್ಲಿ ಇನ್ನೂ ಮುಗಿದಿಲ್ಲವಾದರೂ ಸಂಶಯದ ಲಾಭವು ಕೊಕ್ಕೆಗೆ ಸಲ್ಲಬೇಕೋ ಮೀನಿಗೆ ಸಲ್ಲಬೇಕೋ ಎಂಬುದನ್ನು ವಿವೇಕಿಗಳು ಊಹಿಸಬಲ್ಲರು. (ಆ ಅರಿವಿಗಾಗಿ ಮೀನುಗಳಿಗೆ ವಿಷ ಚುಚ್ಚಬೇಕಾಯಿತೆಂಬುದು ಬೇರೆಯೇ ಒಂದು ಲೇಖನದ ವಿಷಯ.)

ಕರ್ನಾಟಕದವರಿಗೆ ಇದು ದೂರದ ಸಂಗತಿಯಲ್ಲ. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು ೧೯೪೬ರಲ್ಲಿ ಕಬಿನಿಯಲ್ಲಿ ಹಿಡಿದ ಮಹಶೀರ್ ೧೨೦ ಪೌಂಡು, ಎಂದರೆ ಸುಮಾರು ೫೪ ಕಿಲೋ ತೂಗಿತ್ತು. ಆ ಮನೆತನವು ಬೇಟೆಯ ಹುಲಿ ಚಿರತೆಗಳ ಚರ್ಮಕ್ಕೆ ಜೀವಂತ ಆಕಾರ ಕೊಡುವುದರಲ್ಲಿ ಜಗತ್ಪ್ರಸಿದ್ಧವಾಗಿತ್ತೆಂಬುದನ್ನೂ ಇಲ್ಲಿ ನೆನೆಯಬಹುದು. ಮುಂದೆ ಭೀಮೇಶ್ವರಿ, ದೊಡ್ಡಮಾಕಳಿ, ಗಾಳಿಬೋರೆಗಳ ಶಿಬಿರಗಳು ಹೆಸರಾದವು; ಅಲ್ಲಿ ತೆಗೆದ ಚಿತ್ರಗಳನ್ನು ಕಂಡು ಎಷ್ಟೋ ವಿದೇಶೀಯರು ಕಾವೇರಿಯ ಕನಸು ಕಂಡರು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಹೊಳೆಗೆ ಬಿಡುವುದು ಆ ಶಿಬಿರಗಳ ನಿಯಮವಾಗಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಕಾರಣದಿಂದ ೨೦೧೨ರ ಹೊತ್ತಿಗೆ ಕಾವೇರಿ ವನ್ಯಜೀವಿಧಾಮದೊಳಗೆ ಆ ಗಾಳದಾಟ ನಿಂತಿತು.

ಇಲ್ಲಿ ಗಾಳಗಾರರ ಪಕ್ಷದ ಒಂದು ಮಾತನ್ನು ಮುಚ್ಚಿಡುವುದು ಸಲ್ಲದು. ಗಾಳಿಬೋರೆಯಲ್ಲಿ ೧೯೯೮ರಿಂದ ೨೦೧೨ರವರೆಗೆ ಅವರು ಬರೆದಿಟ್ಟ ಲೆಕ್ಕವನ್ನು ಪರಿಶೀಲಿಸಿದ ವಿಜ್ಞಾನಿಗಳು ೨೦೧೫ರಲ್ಲಿ ಒಂದು ಆತಂಕದ ಸಂಗತಿಯನ್ನು ಪ್ರಕಟಿಸಿದರು. ಕಾವೇರಿಗೇ ವಿಶಿಷ್ಟವಾದ, ಬೆನ್ನು ಉಬ್ಬಿದ ಮಹಶೀರ್ ಅಳಿಯುತ್ತಿದೆ. ಹೊರಗಿನ ಮರಿಕೇಂದ್ರದಿಂದ ತಂದು ಬಿಟ್ಟ ನೀಲಿರೆಕ್ಕೆಯ ಜಾತಿ ಆ ಸ್ಥಳವನ್ನು ಆಕ್ರಮಿಸುತ್ತಿದೆ. ೨೦೧೮ರಲ್ಲಿ ಆ ಉಬ್ಬುಬೆನ್ನಿನ ಮೀನನ್ನು ತೀವ್ರ ವಿನಾಶದ ಅಂಚಿನಲ್ಲಿರುವ ಜಾತಿಯೆಂದು ಅಂತರರಾಷ್ಟ್ರೀಯ ಪಟ್ಟಿಗೆ ಸೇರಿಸಲಾಯಿತು. ಗಾಳಗಾರರು ಲೆಕ್ಕವಿಡದೆ ಹೋಗಿದ್ದರೆ ಈ ಅಳಿವು ಯಾರ ಗಮನಕ್ಕೂ ಬರದೆ ಮುಗಿಯುತ್ತಿತ್ತೇನೋ. ಶಿಬಿರಗಳಿದ್ದಾಗ ಸಿಡಿಮದ್ದು ಹಾಕಿ ಮೀನು ಕೊಲ್ಲುವವರಿಗೆ ಅಂಜಿಕೆಯಿತ್ತೆಂದೂ, ದಂಡೆಯ ಹಳ್ಳಿಗಳ ಬಡವರಿಗೆ ಕೆಲಸವಿತ್ತೆಂದೂ ಅವರು ಹೇಳುತ್ತಾರೆ. ಅದರಲ್ಲಿಯೂ ಸತ್ಯಾಂಶವಿದೆ. ಆದರೆ ನದಿಯನ್ನು ಕಾಯುವುದಕ್ಕೂ ಅದರ ಜೀವಿಗೆ ಕೊಕ್ಕೆ ಚುಚ್ಚುವುದಕ್ಕೂ ಅವಿನಾಭಾವ ಸಂಬಂಧವೇನೂ ಇಲ್ಲ. ಶೃಂಗೇರಿಯಲ್ಲಿಯೂ ದಕ್ಷಿಣ ಕನ್ನಡದ ಶಿಶಿಲದಲ್ಲಿಯೂ ಮಹಶೀರ್ ಮೀನುಗಳು ಗಾಳವಿಲ್ಲದೆಯೇ, ಕೇವಲ ಜನರ ಶ್ರದ್ಧೆಯಿಂದ ಉಳಿದುಬಂದಿವೆ.

ಚಿತ್ರಗಳು ತಾವೇ ಸಾಕ್ಷಿ ನುಡಿದ ಇನ್ನೊಂದು ಪ್ರಸಂಗ ಅಮೆರಿಕದ ಫ್ಲಾರಿಡಾದ ಕೀ ವೆಸ್ಟ್ ಬಂದರಿನದು. ಅಲ್ಲಿ ವಿಹಾರದ ದೋಣಿಗಳಲ್ಲಿ ಹೋದವರು ದಿನದ ಕೊನೆಗೆ ಹಿಡಿದ ಮೀನುಗಳನ್ನು ಹಲಗೆಗೆ ತೂಗುಹಾಕಿ, ಪಕ್ಕದಲ್ಲಿ ನಿಂತು ಚಿತ್ರ ತೆಗೆಸಿಕೊಳ್ಳುವುದು ರೂಢಿ. ಲೋರೆನ್ ಮೆಕ್ಲೆನಹನ್ ಎಂಬ ವಿದುಷಿ ೧೯೫೬ರಿಂದ ೨೦೦೭ರವರೆಗಿನ ಇಂಥ ಚಿತ್ರಗಳನ್ನು ಅಳೆದು ೨೦೦೯ರಲ್ಲಿ ಫಲಿತಾಂಶ ಪ್ರಕಟಿಸಿದರು. ಐವತ್ತರ ದಶಕದ ಚಿತ್ರಗಳಲ್ಲಿ ಮೀನಿನ ಸರಾಸರಿ ತೂಕ ಸುಮಾರು ೧೯.೯ ಕಿಲೋ, ೨೦೦೭ರಲ್ಲಿ ಅದು ೨.೩ ಕಿಲೋ. ಮನುಷ್ಯಪ್ರಮಾಣದ ಮೀನುಗಳಿದ್ದ ಹಲಗೆಗಳ ಮೇಲೆ ಗೇಣುದ್ದದವು ಬಂದವು. ಮನುಷ್ಯರ ನಗು ಮಾತ್ರ ಅಷ್ಟೇ ಅಗಲವಾಗಿ ಉಳಿದಿದೆ. ಪರಿಗ್ರಹದ ಸ್ವರೂಪ ಇದೇ ಅಲ್ಲವೇ? ವಸ್ತು ಕುಗ್ಗಿದರೂ ‘ನನ್ನದು’ ಎಂಬ ಹಿಗ್ಗು ಕುಗ್ಗುವುದಿಲ್ಲ.

ಕೋವಿಯ ಬದಲು ಕ್ಯಾಮೆರಾ ಹಿಡಿಯುವುದು ಅಹಿಂಸೆಯತ್ತ ಒಂದು ಹೆಜ್ಜೆ ಎಂಬ ಮಾತು ಪ್ರಚಲಿತವಾಗಿದೆ, ಅದು ನಿಜವೂ ಹೌದು. ಎಫ್. ಡಬ್ಲ್ಯು. ಚಾಂಪಿಯನ್ ೧೯೨೭ರಷ್ಟು ಹಿಂದೆಯೇ ಕಾಡುಹುಲಿಗಳ ಚಿತ್ರಗಳ ಗ್ರಂಥವನ್ನು ಪ್ರಕಟಿಸಿದ್ದರು. ಪ್ರಸಿದ್ಧ ಬೇಟೆಗಾರ ಜಿಮ್ ಕಾರ್ಬೆಟ್ ಕ್ರಮೇಣ ಕ್ಯಾಮೆರಾದತ್ತ ತಿರುಗಿದರು. ಆದರೆ ಅದೇ ಕಾರ್ಬೆಟ್ ೧೯೪೪ರ ತಮ್ಮ ನರಭಕ್ಷಕ ಹುಲಿಗಳ ಗ್ರಂಥದಲ್ಲಿ ‘ಕನಸಿನ ಮೀನು’ ಎಂಬರ್ಥದ ಶೀರ್ಷಿಕೆ ಕೊಟ್ಟು ಮಹಶೀರ್ ಬೇಟೆಯನ್ನು ಕೊಂಡಾಡಿದ್ದಾರೆ. ಹುಲಿಯ ವಿಷಯದಲ್ಲಿ ಹುಟ್ಟಿದ ಅನುಕಂಪ ಮೀನಿನವರೆಗೆ ಬರಲಿಲ್ಲ. ಇದರಲ್ಲೊಂದು ಸೂಕ್ಷ್ಮವಿದೆ. ಹುಲಿಯ ಛಾಯಾಗ್ರಾಹಕನಿಗೆ ಕ್ಯಾಮೆರಾ ಬಂದಾಗ ಕೋವಿಯ ಅಗತ್ಯ ಹೋಯಿತು. ಗಾಳಗಾರನ ಕ್ಯಾಮೆರಾಕ್ಕೆ ಗಾಳವೇ ಬೇಕು. ಕೊಕ್ಕೆಯಿಲ್ಲದೆ ಆ ಚಿತ್ರ ಹುಟ್ಟುವುದೇ ಇಲ್ಲ.

ಈಗ ನೋಡುವವನ ಕಡೆಗೆ ಬರಬಹುದು. ಹಿಂಸೆಯನ್ನು ಕೇವಲ ಕೈಯ ಕೆಲಸವೆಂದು ಜೈನಾಚಾರ್ಯರು ಎಂದೂ ಎಣಿಸಲಿಲ್ಲ. ಕೃತ, ಕಾರಿತ, ಅನುಮೋದಿತ ಎಂಬ ಮೂರು ದಾರಿಗಳಿಂದಲೂ, ಮನೋವಚನಕಾಯಗಳಿಂದಲೂ ಅದು ಒಳನುಗ್ಗುತ್ತದೆಂಬುದು ತತ್ತ್ವಾರ್ಥಸೂತ್ರದ ನಿರೂಪಣೆ. ಸ್ವಯಂಭೂರಮಣ ಸಮುದ್ರದ ಮಹಾಮತ್ಸ್ಯದ ಕಿವಿಯಲ್ಲಿ ವಾಸಿಸುವ ತಂದುಲಮತ್ಸ್ಯದ ಕಥೆ ಶ್ರಾವಕರ ಮನೆಗಳಲ್ಲಿ ಮಕ್ಕಳಿಗೂ ಗೊತ್ತು. ಬಾಯಿ ತೆರೆದು ಮಲಗಿದ ಆ ಹಿರಿಯ ಮೀನಿನ ಬಾಯೊಳಗೆ ಅಸಂಖ್ಯಾತ ಮೀನುಗಳು ಹೊಕ್ಕು ಹೊರಡುತ್ತವೆ. ಅಕ್ಕಿಕಾಳಿನಷ್ಟಿರುವ ತಂದುಲಮತ್ಸ್ಯವು ಇದನ್ನು ಕಂಡು, ‘ನನಗೆ ಈ ಶರೀರವಿದ್ದಿದ್ದರೆ ಒಂದನ್ನೂ ಬಿಡುತ್ತಿರಲಿಲ್ಲ’ ಎಂದು ಚಿಂತಿಸುತ್ತದೆ. ಅದು ಒಂದು ಮೀನನ್ನೂ ತಿನ್ನಲಿಲ್ಲ. ಕನಸು ಮಾತ್ರ ಕಂಡಿತು. ಆ ಕನಸಿನಿಂದಲೇ ಏಳನೆಯ ನರಕಕ್ಕೆ ಇಳಿಯಿತು.

ಬಿಂಬವೆಂಬ ಕಾರಣಕ್ಕೆ ವಿನಾಯಿತಿ ಕೇಳುವವರಿಗೆ ಜನ್ನಕವಿಯ ಯಶೋಧರಚರಿತೆ ಎದುರು ನಿಲ್ಲುತ್ತದೆ. ಯಶೋಧರನು ಕಡಿದದ್ದು ಹಿಟ್ಟಿನ ಕೋಳಿಯನ್ನು. ಪ್ರಾಣವಿಲ್ಲದ ಆ ಆಕೃತಿಯ ಮೇಲೆ ಎತ್ತಿದ ಕತ್ತಿಗಾಗಿ ಅವನೂ ಅವನ ತಾಯಿಯೂ ಜನ್ಮಜನ್ಮಾಂತರ ತೊಳಲಿದರು. ಆ ಭವಾವಳಿಯಲ್ಲಿ ಒಂದು ಜನ್ಮ ಮೀನಿನದೇ ಎಂಬುದನ್ನು ಅನೇಕರು ಮರೆಯುತ್ತಾರೆ. ಸಿಪ್ರಾನದಿಯಲ್ಲಿ ಹಿಡಿಯಲ್ಪಟ್ಟು, ತನ್ನ ಮಗನ ಮನೆಯಲ್ಲಿಯೇ, ತನ್ನ ಶ್ರಾದ್ಧದ ಅಡಿಗೆಯಾದ ಮೀನು ಅದು. ಛಾಯಾಚಿತ್ರದ ಮೀನು ಹಿಟ್ಟಿನದೂ ಅಲ್ಲ; ಚಿತ್ರದ ಗಳಿಗೆಯಲ್ಲಿ ಅದು ಉಸಿರಿಗೆ ಬಾಯಿ ತೆರೆದಿತ್ತು.

ಹಾಗಾದರೆ ನೋಟವೆಲ್ಲವೂ ಅನುಮೋದನೆಯೇ? ಹಾಗೆಂದರೆ ಅತಿಯಾಗುತ್ತದೆ. ಅಳಿಯುತ್ತಿರುವ ಜಾತಿಯನ್ನು ಗುರುತಿಸಲು ಚಿತ್ರವನ್ನು ಪರೀಕ್ಷಿಸುವ ವಿಜ್ಞಾನಿ, ಪತ್ರಿಕೆಯ ಪುಟ ತಿರುವುವಾಗ ಕಣ್ಣಿಗೆ ಬಿದ್ದದ್ದನ್ನು ದಾಟಿಹೋಗುವ ಗೃಹಿಣಿ, ಇವರಲ್ಲಿ ಹಿಂಸಾಭಾವವಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡಗಳನ್ನು ಹೇಳುವಾಗ ಅಪಧ್ಯಾನವನ್ನೂ ದುಃಶ್ರುತಿಯನ್ನೂ ಬೇರೆಬೇರೆಯಾಗಿ ಎಣಿಸಿದ್ದಾರೆ. ಒಂದು, ಪರರ ಕೇಡನ್ನು ನೆನೆನೆನೆದು ಸವಿಯುವುದು. ಇನ್ನೊಂದು, ಚಿತ್ತವನ್ನು ಕಲುಷಿತಗೊಳಿಸುವುದನ್ನು ಕೇಳುತ್ತ ಕೂರುವುದು. ಪ್ರಯೋಜನವೇ ಇಲ್ಲದ ಪಾಪವೆಂಬುದೇ ‘ಅನರ್ಥ’ ಶಬ್ದದ ಸ್ವಾರಸ್ಯ. ಹೊಟ್ಟೆಪಾಡಿಗೆ ಬಲೆ ಬೀಸುವ ಬೆಸ್ತನಿಗೆ ಹಸಿವಿನ ಕಾರಣವಾದರೂ ಇದೆ. ಸೋಫಾದ ಮೇಲೆ ಕುಳಿತು ಮಂಗೋಲಿಯಾದ ನದಿಯಲ್ಲಿ ಗಾಳ ಹಾಕಿದಂತೆ ಕಲ್ಪಿಸಿಕೊಳ್ಳುವವನಿಗೆ ಅದೂ ಇಲ್ಲ. ಅವನು ತನ್ನನ್ನೇ ಪರೀಕ್ಷಿಸಿಕೊಳ್ಳಲು ಒಂದು ಸುಲಭವಾದ ಮಾರ್ಗವುಂಟು: ಚಿತ್ರದಿಂದ ಮನುಷ್ಯನ ಕೈಗಳನ್ನು ತೆಗೆದು, ಮೀನನ್ನು ಪುನಃ ನೀರಿನೊಳಗೆ ಇಟ್ಟು ನೋಡಬೇಕು. ಆಗಲೂ ಮನಸ್ಸು ಆ ನದಿಗಾಗಿ ಹಂಬಲಿಸಿದರೆ ಅದು ನದಿಯ ಹಂಬಲ. ಚಿತ್ರವು ಸಪ್ಪೆಯಾಯಿತೆಂದು ಅನಿಸಿದರೆ, ಇಲ್ಲಿಯವರೆಗೆ ಸವಿದದ್ದು ನದಿಯನ್ನಲ್ಲವೆಂದು ಸ್ಪಷ್ಟವಾಗುತ್ತದೆ.

ಮೀನನ್ನು ಬಿಟ್ಟುಬಿಡುತ್ತಾರಲ್ಲ ಎಂಬ ಸಮಾಧಾನವೊಂದು ಉಳಿಯುತ್ತದೆ. ಸೋಮದೇವಸೂರಿಗಳು ೯೫೯ರಲ್ಲಿ ಮುಗಿಸಿದ ಯಶಸ್ತಿಲಕದಲ್ಲಿ ಬೆಸ್ತ ಮೃಗಸೇನನ ಕಥೆಯಿದೆ. ಬಲೆಗೆ ಮೊದಲು ಬಿದ್ದ ಮೀನನ್ನು ಬಿಡುವೆನೆಂದು ಅವನು ಮುನಿಯ ಬಳಿ ವ್ರತ ತೊಟ್ಟ. ಮೊದಲು ಸಿಕ್ಕಿದ ದೊಡ್ಡ ಮೀನಿನ ಕಿವಿಗೆ ಬಟ್ಟೆಯ ಚೂರು ಕಟ್ಟಿ ಬಿಟ್ಟ. ಅದೇ ಮೀನು ಐದು ಸಲ ಸಿಕ್ಕಿತು, ಐದು ಸಲವೂ ಬಿಟ್ಟ. ಬರಿಗೈಯಲ್ಲಿ ಮನೆಗೆ ಬಂದಾಗ ಹೆಂಡತಿ ಬಾಗಿಲು ಹಾಕಿದಳು. ಹೊರಗೆ ಮಲಗಿದವನು ಹಾವು ಕಚ್ಚಿ ಸತ್ತ. ಮರುಜನ್ಮದಲ್ಲಿ ಧನಕೀರ್ತಿಯಾಗಿ ಹುಟ್ಟಿ ಐದು ಸಲ ಸಾವಿನಿಂದ ಪಾರಾದ. ಗಾಳಗಾರರ ಬಿಡುಗಡೆಯೂ ಇಂಥದೇ ಎಂದು ಮೇಲುನೋಟಕ್ಕೆ ತೋರಬಹುದು. ಆದರೆ ಮೃಗಸೇನನು ಬಿಟ್ಟದ್ದು ತನ್ನ ಅಂದಿನ ಅನ್ನವನ್ನು. ವಿಹಾರದ ಗಾಳಗಾರನು ಬಿಡುವುದು, ತನಗೆ ಬೇಕಾದುದನ್ನೆಲ್ಲ, ಎಂದರೆ ಹೋರಾಟವನ್ನೂ ಚಿತ್ರವನ್ನೂ ಪಡೆದುಕೊಂಡ ಮೇಲೆ. ಬಿಡುವುದಕ್ಕಾಗಿಯೇ ಹಿಡಿಯುವುದೆಂದರೆ ನೋವಿಗೆ ಆಹಾರದ ನೆಪವನ್ನೂ ಕಳೆದಂತಾಗುತ್ತದೆ. ಜೈನಧರ್ಮದ ಸೋಂಕಿಲ್ಲದ ಸ್ವಿಟ್ಜರ್ಲೆಂಡಿನಲ್ಲಿ ೨೦೦೮ರ ಪ್ರಾಣಿರಕ್ಷಣಾ ನಿಯಮಾವಳಿಯು ಬಿಡುವ ಉದ್ದೇಶದಿಂದಲೇ ಮೀನು ಹಿಡಿಯುವುದನ್ನು ನಿಷೇಧಿಸಿದ್ದು ಇದೇ ತರ್ಕದಿಂದ.

ಕಾಡುನದಿಗಳ ಚಿತ್ರಗಳನ್ನು ಮನೆಯಲ್ಲಿ ಇಡಬಾರದೆಂದು ಇದರಿಂದ ಸಿದ್ಧವಾಗುವುದಿಲ್ಲ. ಕ್ಯಾಲೆಂಡರು ಮುದ್ರಿಸುವ ಟ್ರಸ್ಟುಗಳು, ಅಂಗಡಿಯ ಗೋಡೆಗೆ ಚಿತ್ರ ಆರಿಸುವ ವರ್ತಕರು, ಮಕ್ಕಳಿಗೆ ಪುಸ್ತಕ ಕೊಡಿಸುವ ತಾಯಂದಿರು ಎರಡು ಬಗೆಯ ಚಿತ್ರಗಳನ್ನು ಬೇರ್ಪಡಿಸಿದರೆ ಸಾಕು. ನೀರೊಳಗಿನ ಛಾಯಾಗ್ರಹಣ ಇಂದು ಕಷ್ಟವಲ್ಲ. ಹೊಳೆಯ ತಳದಲ್ಲಿ ಕಲ್ಲಿನ ಮೇಲಿನ ಪಾಚಿಯನ್ನು ಮೇಯುವ ಮೀನಿನ ಹಿಂಡನ್ನು ಅದಕ್ಕೆ ತೊಂದರೆಯಾಗದಂತೆ ತೋರಿಸಬಹುದು. ದೂರದ ನದಿಗೆ ಹೋಗುವ ಆಸೆಯಿರುವ ತರುಣನನ್ನು ತಡೆಯುವ ಬದಲು ಮೊದಲು ಶೃಂಗೇರಿಯ ಮೆಟ್ಟಿಲುಗಳಿಗೆ ಕರೆದೊಯ್ಯಬಹುದು. ಅಲ್ಲಿ ತುಂಗೆಯ ಮೀನುಗಳು ಕೈಗೆಟಕುವಷ್ಟು ಹತ್ತಿರಕ್ಕೆ ಬರುತ್ತವೆ. ಕೈ ಚಾಚಿದವರಿಂದ ಅವುಗಳಿಗೆ ಇನ್ನೂ ಭಯವಾಗಿಲ್ಲ.